ಭಾವಮೈದನೂ ಲೆಕ್ಕಕ್ಕೆ ಬರ್ತಾನೆ

ರಾತ್ರಿ ಒಂಬತ್ತೂವರೆ, ಊಟ ಇನ್ನೂ ಆಗಿರ್ಲಿಲ್ಲ, ಕಾಲ್‌ನಲ್ಲಿ ಆರು ಜನ. ಆ ಕಡೆ ಟೆಕ್ಸಾಸ್‌ನವ್ರಿಗೆ ಬೆಳಗ್ಗೆ ಹನ್ನೊಂದು, ಕಾಫಿ ಹೀರ್ತಾ ಆರಾಮಾಗಿ ಕೂತಿದ್ರು. ನಾನು ಇಲ್ಲಿ ಜಯನಗರದ ಮನೇಲಿ ಎರಡು ಪಿಡಿಎಫ್ ಪಕ್ಕ ಪಕ್ಕ ಇಟ್ಕೊಂಡು ನೋಡ್ತಿದ್ದೆ. ಒಂದು, ಅಮೆರಿಕಾದ ಒಂದು ಮನಿ ಟ್ರಾನ್ಸ್‌ಫರ್ ಕಂಪನೀಲಿ 28 ಪರ್ಸೆಂಟ್ ಶೇರು ತಗೋತಿರೋ ಮನುಷ್ಯ ತುಂಬಿದ ಫಾರ್ಮು, ಹತ್ತು ವರ್ಷದಿಂದ ಎಲ್ಲೆಲ್ಲಿ ವಾಸ ಇದ್ದೆ ಅಂತ ಬರೆದಿರೋ ಪಟ್ಟಿ ಅದ್ರಲ್ಲಿತ್ತು. ಇನ್ನೊಂದು, ಶೇರು ಖರೀದಿ ಅಗ್ರಿಮೆಂಟಿನ ಕೊನೇ ಪುಟ, ಅಲ್ಲಿ 24 ಪರ್ಸೆಂಟ್ ತಗೋತಿರೋ ಇನ್ನೊಬ್ಬನ ಸಹಿ, ಸಹಿ ಕೆಳಗೆ ನೋಟಿಸ್ ಕಳಿಸೋ ಅಡ್ರೆಸ್ಸು. ಎರಡೂ ಒಂದೇ ಬೀದಿ, ಒಂದೇ ಡೋರ್ ನಂಬರ್.

ಕೇಳೋದೋ ಬೇಡ್ವೋ ಅಂತ ಒಂದು ಕ್ಷಣ ಅನ್ನಿಸ್ತು, ಆಮೇಲೆ ಕೇಳೇಬಿಟ್ಟೆ. ನಿಮಗೂ ಅವ್ರಿಗೂ ಏನಾದ್ರೂ ಸಂಬಂಧ ಇದ್ಯಾ ಸಾರ್? ಆ ಕಡೆ ಮೌನ. ಯಾರೋ ಮ್ಯೂಟ್ ತೆಗೆದು ಮತ್ತೆ ಮ್ಯೂಟ್ ಮಾಡಿದ್ರು. ಕೊನೆಗೆ ಆ ಮನುಷ್ಯ ತಣ್ಣಗೆ ಹೇಳ್ದ, ಅವ್ನು ನನ್ನ ಹೆಂಡ್ತಿ ತಮ್ಮ, ಸದ್ಯಕ್ಕೆ ನಮ್ಮನೇಲೇ ಇದಾನೆ.

ಅಲ್ಲಿಗೆ ಆರು ವಾರದ ಕೆಲಸ ನೀರಲ್ಲಿ ಹೋಮ.

ನಾನೇನ್ ಕೆಲಸ ಮಾಡ್ತೀನಿ ಅಂತ ನೆಂಟರು ಕೇಳಿದಾಗಲೆಲ್ಲ ಸಾಫ್ಟ್‌ವೇರ್ ಅಂತ ಹೇಳಿ ಮುಗಿಸಿಬಿಡ್ತೀನಿ, ನಿಜ ಹೇಳೋಕೆ ಹೋದ್ರೆ ಅರ್ಧ ಗಂಟೆ ಬೇಕು. ಅಮೆರಿಕಾದಲ್ಲಿ ಮನಿ ಟ್ರಾನ್ಸ್‌ಫರ್ ಕಂಪನಿಗಳಿಗೆ ಲೈಸೆನ್ಸ್ ಅರ್ಜಿ ಹಾಕಿಕೊಡೋ ಒಂದು ಆಫೀಸಿಗೆ ಬೆಂಗಳೂರಿಂದ ಕಾಗದಪತ್ರ ಜೋಡಿಸಿಕೊಡೋದು ನನ್ನ ಕೆಲಸ, ಎಂಟು ವರ್ಷ ಆಯ್ತು. ಅದ್ರಲ್ಲಿ ಅರ್ಧಕ್ಕರ್ಧ ಹೊಸ ಲೈಸೆನ್ಸ್ ಅಲ್ಲ, ಇರೋ ಕಂಪನಿ ಕೈ ಬದಲಾಗೋವಾಗ ಬೇಕಾಗೋ ಪರ್ಮಿಷನ್ನು. ಚೇಂಜ್ ಆಫ್ ಕಂಟ್ರೋಲ್ ಅಂತಾರೆ, ಆಫೀಸಲ್ಲಿ ನಾವು ಸಿಓಸಿ ಅಂತೀವಿ. ಇವತ್ತು ಇದ್ರ ಬಗ್ಗೆ ಬರೀತೀನಿ, ಯಾಕಂದ್ರೆ ಈ ಭಾವಮೈದನ ಕಥೆ ಯಾರ ಹತ್ರನಾದ್ರೂ ಹೇಳ್ಕೊಳ್ಳದೆ ಇದ್ರೆ ನನಗೆ ನಿದ್ದೆ ಬರಲ್ಲ. ಕಂಪನಿ ಹೆಸರು, ಜನ, ಅವರ ದೇಶ ಯಾವ್ದೂ ಹೇಳಲ್ಲ, ಕೆಲಸ ಉಳೀಬೇಕಲ್ಲ.

ಮೊದ್ಲು ತಿಳ್ಕೋಬೇಕಾದ್ದು ಏನಂದ್ರೆ ಅಮೆರಿಕಾದಲ್ಲಿ ದುಡ್ಡು ಕಳಿಸೋ ಬಿಸಿನೆಸ್ಸಿಗೆ ಇಡೀ ದೇಶಕ್ಕೆ ಒಂದು ಲೈಸೆನ್ಸ್ ಅಂತ ಇಲ್ಲ. ಒಂದೊಂದು ರಾಜ್ಯಕ್ಕೂ ಬೇರೆ ಬೇರೆ. ಬಹಳ ಕಾಲ ಮೊಂಟಾನಾ ಒಂದೇ ಇದಕ್ಕೆ ಕಾನೂನು ಮಾಡ್ಕೊಳ್ಳದೆ ಆರಾಮಾಗಿ ಇದ್ದ ರಾಜ್ಯ, ಮಿಕ್ಕಿದ 49ಕ್ಕೂ ಒಂದೊಂದು ಅರ್ಜಿ, ಒಂದೊಂದು ಫೀಸು, ಒಂದೊಂದು ಶ್ಯೂರಿಟಿ ಬಾಂಡು, ಅಂದ್ರೆ ಗ್ಯಾರಂಟಿ ಪತ್ರ. ಲೈಸೆನ್ಸ್ ಇಲ್ದೆ ಮಾಡಿದ್ರೆ ಬರೀ ದಂಡ ಕಟ್ಟಿ ಬರೋ ವಿಷಯ ಅಲ್ಲ, ಫೆಡರಲ್ ಕಾನೂನಲ್ಲಿ ಐದು ವರ್ಷದವರೆಗೆ ಜೈಲು. ಹಂಗಾಗಿ ದುಡ್ಡಿರೋರಿಗೆ ಹೊಳೆಯೋ ಐಡಿಯಾ ಒಂದೇ, ನಾವ್ಯಾಕೆ ಇಷ್ಟೆಲ್ಲ ಕಷ್ಟಪಡ್ಬೇಕು, ಲೈಸೆನ್ಸ್ ಇರೋ ಸಣ್ಣ ಕಂಪನಿ ಒಂದನ್ನ ಕೊಂಡ್ಕೊಂಡ್ಬಿಡೋಣ ಅಂತ. ನಮ್ಮಲ್ಲಿ ಸಿಎಲ್-9 ಬಾರ್ ಲೈಸೆನ್ಸ್ ಸಿಗೋದು ಕಷ್ಟ ಅಂತ ಇರೋದನ್ನೇ ವ್ಯಾಪಾರ ಮಾಡ್ಕೋತಾರಲ್ಲ, ಅದೇ ತಲೆ.

ಆದ್ರೆ ಬಾರಿಗೂ ಅಬಕಾರಿ ಇಲಾಖೆ ಒಪ್ಪಬೇಕು, ಇಲ್ಲೂ ಅಷ್ಟೇ. ಲೈಸೆನ್ಸ್ ಕೊಟ್ಟಿರೋದು ಬಾಗಿಲ ಮೇಲಿನ ಬೋರ್ಡಿಗಲ್ಲ, ಬೋರ್ಡಿನ ಹಿಂದೆ ಕೂತಿರೋ ಜನರನ್ನ ನೋಡಿ. ಜನ ಬದಲಾದ್ರೆ ಮತ್ತೆ ಮೊದಲಿಂದ ವಿಚಾರಣೆ, ಅದೂ ದುಡ್ಡು ಕೈ ಬದಲಾಗೋಕೆ ಮುಂಚೆ. ಈ ಮುಂಚೆ ಅನ್ನೋ ಪದ ಎಷ್ಟು ಸಲ ಹೇಳಿದ್ರೂ ಕೊಳ್ಳೋರ ತಲೆಗೆ ಹೋಗಲ್ಲ, ಅದಕ್ಕೆ ಆಮೇಲೆ ಬರ್ತೀನಿ.

ಈಗ 25 ಪರ್ಸೆಂಟಿನ ವಿಷಯ. ರಾಜ್ಯಗಳ ಬ್ಯಾಂಕ್ ರೆಗ್ಯುಲೇಟರುಗಳೆಲ್ಲ ಸೇರಿರೋ ಸಿಎಸ್‌ಬಿಎಸ್ ಅನ್ನೋ ಸಂಘ 2021ರಲ್ಲಿ ಒಂದು ಮಾದರಿ ಕಾನೂನು ತಯಾರ್ ಮಾಡ್ತು, ಎಲ್ಲ ರಾಜ್ಯಗಳೂ ಹೆಚ್ಚುಕಮ್ಮಿ ಒಂದೇ ಥರ ನಡ್ಕೊಳ್ಳಲಿ ಅಂತ. ಒಂದೊಂದಾಗಿ ಸುಮಾರು ರಾಜ್ಯಗಳು ಅದನ್ನ ಒಪ್ಕೊಂಡಿವೆ, ಕೆಲವು ಪೂರ್ತಿ, ಕೆಲವು ತಮಗೆ ಬೇಕಾದಷ್ಟು. ಅದ್ರ ಪ್ರಕಾರ ವೋಟಿಂಗ್ ಶೇರಲ್ಲಿ 25 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ನಿಮ್ಮ ಕೈಲಿದ್ರೆ ಕಂಪನಿ ನಿಮ್ಮ ಕಂಟ್ರೋಲಲ್ಲಿದೆ ಅಂತ ಅರ್ಥ. ಅರ್ಧಕ್ಕಿಂತ ಜಾಸ್ತಿ ಬೇಕಾಗಿಲ್ಲ, ಕಾಲು ಭಾಗ ಸಾಕು. ಡೈರೆಕ್ಟರುಗಳಲ್ಲಿ ಹೆಚ್ಚಿನವರನ್ನ ನೇಮಿಸೋ ಹಕ್ಕು ಇದ್ರೆ ಶೇರು ಎಷ್ಟಿದ್ರೂ ಅದೂ ಕಂಟ್ರೋಲೇ. ಹತ್ತು ಪರ್ಸೆಂಟ್ ಇದ್ರೂ ಇವ್ರ ಮಾತು ಅಲ್ಲಿ ನಡೀತದೆ ಅಂತ ಊಹಿಸ್ಕೋತಾರೆ, ಇಲ್ಲ ನಾನು ಸುಮ್ನೆ ದುಡ್ಡು ಹಾಕಿರೋನು ಅಂತ ನೀವೇ ಸಾಬೀತು ಮಾಡ್ಬೇಕು.

ನಮ್ಮ ಪಾರ್ಟಿ ಏನ್ ಮಾಡಿದ್ರಪ್ಪಾ ಅಂದ್ರೆ ನಾಲ್ಕು ಜನ ಸೇರಿ 28, 24, 24, 24 ಅಂತ ಹಂಚ್ಕೊಂಡ್ರು. ಒಬ್ಬನೇ ಬೆರಳಚ್ಚು ಕೊಡ್ತಾನೆ, ಒಬ್ಬನೇ ಫಾರ್ಮ್ ತುಂಬ್ತಾನೆ, ಮಿಕ್ಕ ಮೂರು ಜನ ಸುಮ್ನೆ ದುಡ್ಡು ಹಾಕಿರೋರು ಅಂತ ಹೇಳ್ಕೊಂಡು ಪರದೆ ಹಿಂದೆ. ಯಾರೋ ಬುದ್ಧಿವಂತ ಅಕೌಂಟೆಂಟ್ ಹೇಳಿಕೊಟ್ಟಿರೋ ಪ್ಲಾನು ಅಂತ ನೋಡಿದ ಕೂಡ್ಲೇ ಗೊತ್ತಾಗುತ್ತೆ. ಲೆಕ್ಕ ಅಷ್ಟು ಚೊಕ್ಕವಾಗಿದ್ರೆ ನಮ್ಮಂಥೋರಿಗೆ ಅನುಮಾನ ಬರೋದೇ ಅದಕ್ಕೆ.

ಆದ್ರೆ ಅದೇ ಮಾದರಿ ಕಾನೂನಲ್ಲಿ ಒಂದು ಸಾಲಿದೆ, ನನಗೆ ತುಂಬಾ ಇಷ್ಟವಾದ ಸಾಲು. ಒಬ್ಬನ ಪರ್ಸೆಂಟೇಜ್ ಲೆಕ್ಕ ಹಾಕೋವಾಗ ಅವನ ಕುಟುಂಬದವರ ಪಾಲನ್ನೂ ಸೇರಿಸ್ಬೇಕು. ಕುಟುಂಬ ಅಂದ್ರೆ ಯಾರ್ಯಾರು ಅಂತಾನೂ ಬರೆದಿದಾರೆ: ಗಂಡ ಹೆಂಡ್ತಿ, ಅಪ್ಪ ಅಮ್ಮ, ಮಕ್ಕಳು, ಅಣ್ಣತಮ್ಮ ಅಕ್ಕತಂಗಿ, ಅತ್ತೆ, ಮಾವ, ಅಳಿಯ, ಸೊಸೆ, ಆಮೇಲೆ ಬ್ರದರ್ ಇನ್ ಲಾ, ಸಿಸ್ಟರ್ ಇನ್ ಲಾ. ಅದೂ ಸಾಲದು ಅಂತ ಕೊನೇಲಿ ಒಂದೇ ಮನೇಲಿ ವಾಸ ಇರೋ ಯಾರೇ ಆಗಲಿ ಅಂತ ಸೇರಿಸಿದಾರೆ. ಅಮೆರಿಕಾದವ್ರು ಹದಿನೆಂಟಾದ್ರೆ ಮಕ್ಕಳನ್ನ ಮನೆಯಿಂದ ಕಳಿಸಿಬಿಡ್ತಾರೆ ಅಂತೀವಲ್ಲ ನಾವು, ಅವರ ಕಾನೂನು ನೋಡಿದ್ರೆ ಹಾಸನದ ಕಡೆ ತೊಟ್ಟಿಮನೆ ಥರ ಇದೆ! ಇಂಗ್ಲಿಷಿನಲ್ಲಿ ಬ್ರದರ್ ಇನ್ ಲಾ ಅಂತ ಒಂದು ಪದ ಹಾಕಿ ಮುಗಿಸಿದಾರೆ, ನಮ್ಮ ಭಾಷೇಲಿ ಇದೇ ಕಾನೂನು ಬರೀಬೇಕಾದ್ರೆ ಅಕ್ಕನ ಗಂಡ ಭಾವ, ಗಂಡನ ಅಣ್ಣನೂ ಭಾವ, ಗಂಡನ ತಮ್ಮ ಮೈದುನ, ಹೆಂಡ್ತಿ ತಮ್ಮ ಭಾವಮೈದ ಅಂತ ಒಂದು ಪುಟ ಬೇಕಾಗ್ತಿತ್ತು, ಮತ್ತೆ ಷಡ್ಡಕ ಬರ್ತಾನಾ ಇಲ್ವಾ ಅಂತ ಹೈಕೋರ್ಟಿಗೆ ಹೋಗ್ತಿದ್ರು.

ಸೋ, 28 ಪ್ಲಸ್ 24, 52. ಪರದೆ ಹಿಂದೆ ಇದ್ದವನೂ ಈಗ ಕಂಟ್ರೋಲ್ ಇರೋನೇ, ಯಾಕಂದ್ರೆ ಅವನ ಲೆಕ್ಕಕ್ಕೆ ಭಾವನ 28 ಬಂದು ಸೇರ್ಕೊಳ್ತು. ಭಾವಮೈದನೂ ಬೆರಳಚ್ಚು ಕೊಡ್ಬೇಕು, ಅವನ ಹತ್ತು ವರ್ಷದ ಕೆಲಸ, ಹತ್ತು ವರ್ಷದ ಮನೆ, ಕ್ರೆಡಿಟ್ ರಿಪೋರ್ಟು, ಕೋರ್ಟು ಕೇಸು, ದಿವಾಳಿ, ಎಲ್ಲ ಹೇಳ್ಬೇಕು. ಎನ್‌ಎಂಎಲ್‌ಎಸ್ ಅಂತ ಒಂದು ವೆಬ್ ಸಿಸ್ಟಮ್ ಇದೆ, ಹೆಚ್ಚುಕಮ್ಮಿ ಎಲ್ಲ ರಾಜ್ಯಕ್ಕೂ ಅದ್ರಲ್ಲೇ ಫೈಲ್ ಮಾಡೋದು, ಕಂಪನಿದು ಎಂಯು1 ಅನ್ನೋ ಫಾರ್ಮು, ಒಬ್ಬೊಬ್ಬ ಮನುಷ್ಯನದ್ದು ಎಂಯು2. ಈ ಎಂಯು2 ಇದ್ಯಲ್ಲ, ಅದು ಗ್ಯಾಪ್ ಒಪ್ಪಲ್ಲ. ಈ ಭಾವಮೈದನ ಪಟ್ಟೀಲಿ ಒಂದು ಕಡೆ ನಾಲ್ಕು ತಿಂಗಳು ಖಾಲಿ, ಕೆಲಸನೂ ಇಲ್ಲ ಏನೂ ಇಲ್ಲ. ಏನ್ ಮಾಡ್ತಿದ್ರಿ ಅಂತ ಕೇಳಿದ್ರೆ ನೆನಪಿಲ್ಲ ಅಂದ. ನೆನಪಿಲ್ಲ ಅಂತ ಸರ್ಕಾರಿ ಫಾರ್ಮಲ್ಲಿ ಬರೆಯೋಕೆ ಆಗುತ್ತಾ? ಮೂರು ದಿನ ಬಿಟ್ಟು ಫೋನಲ್ಲಿ ಹಳೇ ಫೋಟೋ ಹುಡುಕಿ ಹೇಳ್ದ, ಅಮ್ಮಂಗೆ ಆಪರೇಷನ್ ಆಗಿತ್ತು, ಊರಲ್ಲಿ ಆಸ್ಪತ್ರೇಲಿದ್ದೆ ಅಂತ. ಆಸ್ಪತ್ರೆ ಬೆಂಚಿನ ಮೇಲೆ ಮಲಗಿರೋ ಫೋಟೋ ಬೇರೆ ಕಳಿಸಿದ್ದ. ಪಾಪ ಅನ್ನಿಸ್ತು. ಫಾರ್ಮಲ್ಲಿ ನಿರುದ್ಯೋಗಿ, ಕುಟುಂಬದ ಆರೈಕೆ ಅಂತ ಹಾಕ್ದೆ.

ಬೆರಳಚ್ಚಿನ ಗೋಳು ಇನ್ನೊಂದು. ದೊಡ್ಡೋರದ್ದು, ಅಂದ್ರೆ 28 ಪರ್ಸೆಂಟಿನವರದ್ದು, ಎರಡು ಸಲ ವಾಪಸ್ ಬಂತು, ಗೆರೆ ಸ್ಪಷ್ಟ ಇಲ್ಲ ಅಂತ. ಚಿಕ್ಕವಯಸ್ಸಲ್ಲಿ ಟೈಲ್ಸ್ ಹಾಕೋ ಕೆಲಸ ಮಾಡ್ತಿದ್ರಂತೆ, ಸಿಮೆಂಟಲ್ಲಿ ಬೆರಳು ಸವೆದು ಹೋಗಿದೆ. ನಮ್ಮಲ್ಲಿ ರೇಷನ್ ಅಂಗಡೀಲಿ ಅಜ್ಜಿಯರ ಹೆಬ್ಬೆಟ್ಟು ಮಿಷಿನ್ನು ತಗೊಳ್ಳಲ್ವಲ್ಲ, ಅದೇ ಕಥೆ ಟೆಕ್ಸಾಸಲ್ಲೂ.

ಈಗ ಟೈಮಿಗೆ ಬರೋಣ. ಎಲ್ರೂ ಕೇಳೋ ಮೊದಲ ಪ್ರಶ್ನೆ, ಎಷ್ಟು ದಿನ? ಮಾದರಿ ಕಾನೂನಲ್ಲಿ 60 ದಿನ ಅಂತಿದೆ. ಅಷ್ಟೇ ಅಲ್ಲ, 60 ದಿನದಲ್ಲಿ ಹೂಂ ಅಥವಾ ಊಹೂಂ ಅನ್ನದೆ ಸುಮ್ನಿದ್ರೆ ಒಪ್ಪಿಗೆ ಕೊಟ್ಟ ಹಾಗೇ ಲೆಕ್ಕ ಅಂತಾನೂ ಇದೆ. ಇದನ್ನ ಓದಿ ಕೊಳ್ಳೋರೆಲ್ಲ ಖುಷಿಯಾಗಿ ಕ್ಯಾಲೆಂಡರಲ್ಲಿ ಅರವತ್ತು ದಿನ ಎಣಿಸಿ ಪಾರ್ಟಿ ಹಾಲ್ ಬುಕ್ ಮಾಡೋ ಲೆವೆಲ್ಲಿಗೆ ಹೋಗ್ತಾರೆ. ಆದ್ರೆ 60 ಶುರುವಾಗೋದು ಅರ್ಜಿ ಹಾಕಿದ ದಿನದಿಂದ ಅಲ್ಲ, ಅರ್ಜಿ ಪೂರ್ತಿಯಾಗಿದೆ ಅಂತ ರಾಜ್ಯದವರು ಒಪ್ಪಿದ ದಿನದಿಂದ. ಅಲ್ಲೀವರೆಗೆ ಒಂದು ಪ್ರಶ್ನೆ ಕಳಿಸ್ತಾರೆ, ಉತ್ತರ ಕೊಟ್ರೆ ಆ ಉತ್ತರದ ಮೇಲೆ ಇನ್ನೆರಡು ಪ್ರಶ್ನೆ. ನಮ್ಮ ಕಂಪನಿಗೆ 19 ರಾಜ್ಯದ ಲೈಸೆನ್ಸ್ ಇದೆ, ಅಂದ್ರೆ 19 ಗಡಿಯಾರ, ಒಂದೊಂದು ಒಂದೊಂದು ದಿನ ಶುರುವಾಗುತ್ತೆ, ಕೊನೇದು ನಿಲ್ಲೋವರೆಗೂ ಡೀಲ್ ಮುಚ್ಚೋ ಹಾಗಿಲ್ಲ. ಹದಿನೆಂಟು ಜನ ಒಪ್ಪಿ ಒಬ್ಬ ಒಪ್ಪದಿದ್ರೆ ಒಂದೋ ಕಾಯ್ಬೇಕು ಇಲ್ಲ ಆ ರಾಜ್ಯದ ಲೈಸೆನ್ಸ್ ಬಿಟ್ಟುಕೊಡ್ಬೇಕು.

ಇದು ಸಣ್ಣೋರ ಕಷ್ಟ ಮಾತ್ರ ಅಂದ್ಕೋಬೇಡಿ. ಮನಿಗ್ರಾಮ್ ಗೊತ್ತಲ್ಲ, ನಮ್ಮೂರ ಕಡೆ ಫೋಟೋ ಸ್ಟುಡಿಯೋ ಬಾಗಿಲ ಮೇಲೂ ಬೋರ್ಡ್ ಇರ್ತಿತ್ತು. ಡಲ್ಲಾಸ್‌ನ ಕಂಪನಿ ಅದು. 2017ರ ಜನವರೀಲಿ ಚೀನಾದ ಜಾಕ್ ಮಾ ಅವರ ಆಂಟ್ ಫೈನಾನ್ಷಿಯಲ್ ಬಂದು ಶೇರಿಗೆ 13.25 ಡಾಲರ್ ಕೊಡ್ತೀವಿ ಅಂತು. ಮಧ್ಯದಲ್ಲಿ ರಿಯಾ ಮನಿ ಟ್ರಾನ್ಸ್‌ಫರ್ ಇಟ್ಕೊಂಡಿರೋ ಯೂರೋನೆಟ್ ನುಗ್ಗಿ 15.20 ಅಂತು, ಆಂಟ್ ಬಿಡ್ಲಿಲ್ಲ, ಏಪ್ರಿಲ್‌ನಲ್ಲಿ 18ಕ್ಕೆ ಏರಿಸ್ತು, ಒಟ್ಟು ಸುಮಾರು 120 ಕೋಟಿ ಡಾಲರ್. ಶೇರುದಾರರಿಗೆ ಹಬ್ಬ. ಆದ್ರೆ ವಿದೇಶಿ ಹೂಡಿಕೆ ದೇಶದ ಭದ್ರತೆಗೆ ತೊಂದರೆನಾ ಅಂತ ನೋಡೋ ಸಿಫಿಯಸ್ ಅನ್ನೋ ಫೆಡರಲ್ ಕಮಿಟಿ ಇದೆ, ಅವ್ರು ಒಪ್ಪಲಿಲ್ಲ. ಯಾರು ಯಾರಿಗೆ ಎಷ್ಟು ಕಳಿಸ್ತಾರೆ ಅನ್ನೋ ಡೇಟಾ ಚೀನಾ ಕಂಪನಿ ಕೈಗೆ ಹೋಗುತ್ತಲ್ಲ ಅನ್ನೋದೇ ಎಲ್ಲರ ಬಾಯಲ್ಲಿದ್ದ ಮಾತು. 2018ರ ಜನವರಿ 2ಕ್ಕೆ ಡೀಲ್ ಬಿತ್ತು, ಆಂಟ್ ಮೂರು ಕೋಟಿ ಡಾಲರ್ ಟರ್ಮಿನೇಷನ್ ಫೀ ಕಟ್ಟಿ ಮನೆಗೆ ಹೋಯ್ತು.

ಆಮೇಲೆ 2022ರ ಫೆಬ್ರವರೀಲಿ ಶಿಕಾಗೋದ ಮ್ಯಾಡಿಸನ್ ಡಿಯರ್‌ಬಾರ್ನ್ ಅನ್ನೋ ಪ್ರೈವೇಟ್ ಇಕ್ವಿಟಿಯವ್ರು, ಅಂದ್ರೆ ಹೂಡಿಕೆದಾರರ ದುಡ್ಡಲ್ಲಿ ಕಂಪನಿ ಕೊಳ್ಳೋರು, ಬಂದ್ರು, ಶೇರಿಗೆ 11 ಡಾಲರ್, ಸಾಲ ಸೇರಿ ಸುಮಾರು 180 ಕೋಟಿ. ಇವ್ರು ಅಮೆರಿಕಾದವ್ರೇ, ಚೀನಾ ಗಲಾಟೆ ಇಲ್ಲ. ಮೇ ತಿಂಗಳಲ್ಲಿ ಶೇರುದಾರರು ಒಪ್ಪಿದ್ರು. ಡೀಲ್ ಮುಗಿದಿದ್ದು ಯಾವಾಗ ಅಂದ್ಕೊಂಡ್ರಿ? 2023ರ ಜೂನ್ 1. ಶೇರುದಾರರು ಹೂಂ ಅಂದ ಮೇಲೂ ಒಂದು ವರ್ಷ. ರಾಜ್ಯ ರಾಜ್ಯಗಳದ್ದು, ಬೇರೆ ದೇಶಗಳದ್ದು ಅಂತ ಲೈಸೆನ್ಸ್ ಒಪ್ಪಿಗೆಗಳು ಒಂದೊಂದಾಗಿ ಬರೋವರೆಗೂ ಕಾದ್ರು. ಅಷ್ಟು ದೊಡ್ಡ ಲಾಯರ್ ಪಡೆ ಇಟ್ಕೊಂಡಿರೋರಿಗೇ ಹೀಗೆ. ನಮ್ಮ ಭಾವಮೈದನಿಗೆ ನಾನು ಇದನ್ನೇ ಹೇಳಿ ಸಮಾಧಾನ ಮಾಡಿದ್ದು. 2025ರ ಆಗಸ್ಟಲ್ಲಿ ವೆಸ್ಟರ್ನ್ ಯೂನಿಯನ್‌ನವ್ರು ಮಯಾಮಿಯ ಇಂಟರ್‌ಮೆಕ್ಸ್ ಅನ್ನೋ ಮನಿ ಟ್ರಾನ್ಸ್‌ಫರ್ ಕಂಪನೀನ ಶೇರಿಗೆ 16 ಡಾಲರ್‌ನಂತೆ, ಸುಮಾರು 50 ಕೋಟಿ ಡಾಲರಿಗೆ ತಗೋತೀವಿ ಅಂತ ಅನೌನ್ಸ್ ಮಾಡಿದಾಗಲೂ 2026ರ ಮಧ್ಯದಲ್ಲಿ ಮುಗಿಯುತ್ತೆ ಅಂತಾನೇ ಹೇಳಿದ್ರು. ಈ ಲೈನಿನಲ್ಲಿರೋ ಯಾರಿಗೂ ಆ ಡೇಟ್ ನೋಡಿ ಆಶ್ಚರ್ಯ ಆಗಿರಲ್ಲ.

ಯಾಕಿಷ್ಟು ಗೋಳು ಹೊಯ್ಕೋತಾರೆ ಅಂತ ಮೊದಲೆರಡು ವರ್ಷ ನಾನೂ ಬೈಕೊಂಡಿದೀನಿ. ಆಮೇಲೆ ಹಳೇ ಕೇಸುಗಳನ್ನ ಓದ್ತಾ ಓದ್ತಾ ಬಾಯಿ ಮುಚ್ಚಿದೆ. ಇದೇ ಮನಿಗ್ರಾಮ್ 2012ರಲ್ಲಿ ಅಮೆರಿಕಾ ನ್ಯಾಯ ಇಲಾಖೆಗೆ 10 ಕೋಟಿ ಡಾಲರ್ ಕಟ್ಟಿತ್ತು. ಅವರ ಏಜೆಂಟುಗಳೇ ಮೋಸಗಾರರ ಜೊತೆ ಶಾಮೀಲಾಗಿ, ನಿಮ್ಮ ಮೊಮ್ಮಗ ಆಪತ್ತಲ್ಲಿದಾನೆ, ನಿಮಗೆ ಲಾಟರಿ ಹೊಡೆದಿದೆ ಅಂತೆಲ್ಲ ಕಥೆ ಕಟ್ಟಿ ವಯಸ್ಸಾದೋರ ದುಡ್ಡು ಎತ್ತಿದ್ರು. ಸರಿ ಮಾಡ್ಕೋತೀವಿ ಅಂತ ಒಪ್ಪಂದ ಮಾಡ್ಕೊಂಡು, ಸರಿ ಮಾಡ್ಕೊಳ್ಳದೆ 2018ರಲ್ಲಿ ಮತ್ತೆ 12.5 ಕೋಟಿ. ವೆಸ್ಟರ್ನ್ ಯೂನಿಯನ್ 2017ರಲ್ಲಿ 58.6 ಕೋಟಿ ಡಾಲರ್. ಕೌಂಟರಲ್ಲಿ ಒಬ್ಬ ಕೂಲಿಯವ್ನು ಮುನ್ನೂರು ಡಾಲರ್ ಕ್ಯಾಶ್ ಕೊಟ್ಟು ರಸೀದಿ ತಗೊಂಡು ಹೋದ ಅಂದ್ಕೊಳಿ, ಅವರ ಊರಲ್ಲಿ ಹೆಂಡ್ತಿ ಕೈಗೆ ಅದು ಸಿಗೋವರೆಗೂ ಆ ದುಡ್ಡು ಕಂಪನಿ ಅಕೌಂಟಲ್ಲಿ ಇರುತ್ತೆ. ಕಂಪನಿದಲ್ಲ ಅದು. ಇಂಥ ಸಾವಿರಾರು ಜನರ ದುಡ್ಡಿನ ಅಕೌಂಟಿಗೆ ಸಹಿ ಹಾಕೋನು ಯಾರು ಅಂತ ನೋಡೋದ್ರಲ್ಲಿ ಏನ್ ತಪ್ಪಿದೆ ಹೇಳಿ.

ಸಹಿ ಅಂದ್ಮೇಲೆ, ಆ ಮುಂಚೆ ಅನ್ನೋ ಪದ. ನಮ್ಮ ಪಾರ್ಟಿ ಅಗ್ರಿಮೆಂಟಿಗೆ ಸಹಿ ಹಾಕಿ ಅಡ್ವಾನ್ಸ್ ಕೊಟ್ಟಿದ್ರು, ಒಪ್ಪಿಗೆ ಬರೋವರೆಗೂ ಹಳೇ ಓನರ್ರೇ ನಡೆಸ್ಬೇಕು. ಹಳೇ ಓನರ್ರಿಗೆ ವಯಸ್ಸಾಗಿದೆ, ಮೊಣಕಾಲು ನೋವು, ಆಫೀಸಿಗೆ ಬರೋಕೆ ಬೇಜಾರು. ಹೆಂಗಿದ್ರೂ ನಿಮ್ಮದೇ ಆಗುತ್ತಲ್ಲಪ್ಪ ಅಂತ ಒಳ್ಳೇ ಮನಸ್ಸಿಂದ ಹೊಸಬರನ್ನ ಬ್ಯಾಂಕಿಗೆ ಕರ್ಕೊಂಡು ಹೋಗಿ ಅಕೌಂಟಿಗೆ ಸಹಿ ಅಧಿಕಾರ ಕೊಡ್ಸಿಬಿಟ್ಟಿದಾರೆ. ನಮಗೆ ಯಾರೂ ಹೇಳಿಲ್ಲ. ಒಂದು ರಾಜ್ಯದವರು ರೂಢಿಯಂತೆ ಬ್ಯಾಂಕ್ ಪತ್ರ ಕೇಳಿದ್ರು, ಪತ್ರ ಬಂತು, ಅದ್ರಲ್ಲಿ ಹೊಸಬರ ಹೆಸರು! ಬ್ಯಾಂಕ್ ಪೇಪರ್ ಪ್ರಕಾರ ಕಂಟ್ರೋಲ್ ಆಗ್ಲೇ ಹೋಗಿದೆ, ನಮ್ಮ ಅರ್ಜಿ ಪ್ರಕಾರ ಇನ್ನೂ ಹೋಗಿಲ್ಲ. ಮದುವೆಗೆ ಮುಂಚೆನೇ ಸೊಸೆ ಬೀರು ಬೀಗದ ಕೈ ಸೊಂಟಕ್ಕೆ ಸಿಗಿಸ್ಕೊಂಡ ಹಾಗಾಯ್ತು. ಅವತ್ತು ರಾತ್ರಿ ಒಂದೂವರೆವರೆಗೂ ಕಾಲ್. ಸಹಿ ಅಧಿಕಾರ ವಾಪಸ್ ತೆಗೆಸಿ, ಆ ಮಧ್ಯದಲ್ಲಿ ಒಂದೂ ಚೆಕ್ಕಿಗೆ ಸಹಿ ಹಾಕಿಲ್ಲ ಅಂತ ಬ್ಯಾಂಕಿಂದ ಬರೆಸ್ಕೊಂಡು, ತಪ್ಪೊಪ್ಪಿಗೆ ಪತ್ರ ಬರೆದು, ಆ ಪತ್ರದ ಹನ್ನೊಂದನೇ ಡ್ರಾಫ್ಟಲ್ಲೂ ತಪ್ಪಾಯ್ತು ಅಂತ ನೇರವಾಗಿ ಬರೆಯೋಕೆ ಲಾಯರ್ರು ಒಪ್ಪಲಿಲ್ಲ. ನನ್ನ ಕೇಳಿದ್ರೆ ಎರಡು ಸಾಲಲ್ಲಿ ತಪ್ಪಾಯ್ತು ಅಂತ ಬರೆದಿದ್ರೆ ಎರಡು ತಿಂಗಳು ಉಳೀತಿತ್ತು.

ಬೇರೆ ದೇಶದಲ್ಲೂ ಇದೇನೇ, ನಂಬರ್ ಬೇರೆ ಅಷ್ಟೇ. ಬ್ರಿಟನ್‌ನಲ್ಲಿ ಎಫ್‌ಸಿಎ ಅನ್ನೋ ಹಣಕಾಸು ರೆಗ್ಯುಲೇಟರ್ ಲೈಸೆನ್ಸ್ ಕೊಟ್ಟಿರೋ ಪೇಮೆಂಟ್ ಕಂಪನೀಲಿ 10 ಪರ್ಸೆಂಟ್ ತಗೊಳ್ಳೋಕೂ ಮೊದ್ಲು ಅರ್ಜಿ ಹಾಕ್ಬೇಕು, 60 ವರ್ಕಿಂಗ್ ಡೇಸ್, ಕೇಳದೆ ತಗೊಂಡ್ರೆ ಕ್ರಿಮಿನಲ್ ಕೇಸು. ನಮ್ಮ ರಿಸರ್ವ್ ಬ್ಯಾಂಕೂ 2022ರ ಜುಲೈ 4ಕ್ಕೆ ಸುತ್ತೋಲೆ ಹೊರಡಿಸ್ತು, ಬ್ಯಾಂಕ್ ಅಲ್ಲದ ಪೇಮೆಂಟ್ ಕಂಪನಿಗಳ ಕಂಟ್ರೋಲ್ ಬದಲಾಗೋದಾದ್ರೆ ಮೊದ್ಲೇ ಒಪ್ಪಿಗೆ ಬೇಕು, ಎಲ್ಲ ವಿವರ ಸರಿಯಾಗಿ ಬಂದ್ರೆ 45 ದಿನದಲ್ಲಿ ಉತ್ತರ ಕೊಡೋಕೆ ನೋಡ್ತೀವಿ ಅಂತ. ಎಲ್ಲ ವಿವರ ಸರಿಯಾಗಿ ಬಂದ್ರೆ! ಇಲ್ಲೂ ಅದೇ ಗಡಿಯಾರ.

ನಮ್ಮಮ್ಮ ಕೇಳಿದ್ಲು, ರಾತ್ರಿಯೆಲ್ಲ ಯಾರ ಹತ್ರ ಭಾವ ಭಾವಮೈದ ಅಂತ ಮಾತಾಡ್ತಿರ್ತೀಯ, ಆಸ್ತಿ ಪಾಲಿನ ಗಲಾಟೆನಾ ಅಂತ. ಹೆಚ್ಚುಕಮ್ಮಿ ಹೌದಮ್ಮ ಅಂದೆ.

ಈಗ ಎಲ್ಲಿಗೆ ಬಂದಿದೆ ಅಂದ್ರೆ, 19ರಲ್ಲಿ 17 ಆಯ್ತು. ಒಂದು ರಾಜ್ಯದವರು ಆ ಬ್ಯಾಂಕ್ ಸಹಿ ವಿಷಯ ಇನ್ನೂ ಬಿಟ್ಟಿಲ್ಲ. ಇನ್ನೊಂದು ರಾಜ್ಯದಿಂದ ಮೊನ್ನೆ ಹೊಸ ಪ್ರಶ್ನೆ ಬಂತು, ಭಾವಮೈದ 24 ಪರ್ಸೆಂಟಿಗೆ ಕೊಡ್ತಿರೋ ದುಡ್ಡು ಎಲ್ಲಿಂದ ಬಂತು, ಮೂಲ ತೋರಿಸಿ ಅಂತ. ಕೇಳ್ದೆ. ಅರ್ಧ ಸ್ವಂತ ಉಳಿತಾಯ, ಅರ್ಧ ಅತ್ತೆ ಕೊಟ್ಟಿದ್ದು ಅಂದ. ಅತ್ತೆ ಉಡುಗೊರೆಯಾಗಿ ಕೊಟ್ರಾ ಸಾಲವಾಗಿ ಕೊಟ್ರಾ ಅಂತ ಕೇಳಿದ್ದಕ್ಕೆ, ಅದನ್ನ ನಾವು ಯಾವತ್ತೂ ಮಾತಾಡಿಲ್ಲ, ಮಾತಾಡೋಕೆ ಧೈರ್ಯನೂ ಇಲ್ಲ ಅಂತ ಹೇಳಿ ಫೋನಿಟ್ಟ. ಗುರುವಾರ ರಾತ್ರಿ ಒಂಬತ್ತೂವರೆ ಕಾಲಿಗೆ ಅತ್ತೆಯವರೂ ಬರ್ತಾರಂತೆ, ಅವರಿಗೆ ಇಂಗ್ಲಿಷ್ ಬರಲ್ಲ, ಅಳಿಯನೇ ಅನುವಾದ ಮಾಡ್ತಾನಂತೆ.